ಎರಡು ಆಕ್ಸಲ್ ಬಿಟ್ಟು ಒಂದಕ್ಕೆ ಬಂದೆ: ನನ್ನ ಅನುಭವ

ಕ್ಯಾಂಪಿಂಗ್ ಟ್ರೈಲರಿನ ಎರಡು ಆಕ್ಸಲ್‌ನಲ್ಲಿ (ಎರಡೂ ಬದಿ ಚಕ್ರ ಕೂರಿಸುವ ಅಡ್ಡ ದಂಡ) ಒಂದನ್ನು ತೆಗೆಸ್ತೀನಿ ಅಂದಾಗ ಶಿವಮೊಗ್ಗದಲ್ಲಿ ವೆಲ್ಡಿಂಗ್ ಮಾಡುವವರು ನಕ್ಕುಬಿಟ್ಟರು. "ಆಗುಂಬೆ ಇಳೀವಾಗ ಟ್ರೈಲರು ನಿಮ್ ಬೊಲೆರೊನೇ ತಳ್ಕೊಂಡು ಹೋಗುತ್ತೆ ಸಾರ್" ಅಂದರು. ಆ 14 ಹೇರ್‌ಪಿನ್ ತಿರುವುಗಳನ್ನು ಈಗ ಆರಾಮಾಗಿ ಇಳಿದು ಹತ್ತಿ ಬಂದಾಯ್ತು. ನಕ್ಕವರೇ ಮೊನ್ನೆ ಆಕ್ಸಲ್ ಅಡಿಗೆ ಬಗ್ಗಿ ಫೋಟೊ ತೆಗೆದುಕೊಂಡರು.

ಮೊದಲು ದುಡ್ಡು ಹೋದ ಕಥೆ. ಸೆಕೆಂಡ್ ಹ್ಯಾಂಡ್ ಚಾಸಿಗೆ 70 ಸಾವಿರ ಚಿಲ್ಲರೆ. ನಾಲ್ಕು ಟೈರ್, ಬೇರಿಂಗ್ ಅಂತ ಇನ್ನೊಂದು 30. ಹೆದ್ದಾರಿಯಲ್ಲಿ ಒಂಚೂರೂ ಅಲ್ಲಾಡುತ್ತಿರಲಿಲ್ಲ, ಸುಳ್ಳು ಹೇಳಬಾರದು. ತೀರ್ಥಹಳ್ಳಿ ದಾಟಿ ಮನೆ ದಾರಿ ಹಿಡಿದ ಮೇಲೆ ತಾಪತ್ರಯ. ಉಣುಗೋಲಿನ ಗೇಟು ದಾಟಿ ಅಂಗಳಕ್ಕೆ ತಿರುಗಿಸುವಾಗ ಚಕ್ರಗಳು ಉರುಳುವುದಿಲ್ಲ, ಅಡ್ಡಕ್ಕೆ ಉಜ್ಜುತ್ತವೆ. ಟೈರಿನ ಅಂಚು ಪುಡಿ ಉದುರಿ ದಾರ ಕಾಣಿಸಿತು. ಮೋರಿ ಉಬ್ಬು ಹತ್ತುವಾಗ ಒಂದು ಆಕ್ಸಲ್ ಗಾಳಿಯಲ್ಲಿ, ಭಾರವೆಲ್ಲ ಇನ್ನೊಂದರ ಮೇಲೆ. ಸ್ಪ್ರಿಂಗ್ ಪ್ಲೇಟ್ ಮುರಿದದ್ದೂ ಅಲ್ಲೇ.

ಹಾಗಂತ ಎರಡರಲ್ಲಿ ಒಂದು ಕಿತ್ತರೆ ಕೆಲಸ ಮುಗೀತು ಅಂತಲ್ಲ. ಉಳಿಯುವ ಒಂದು ಪೂರ್ತಿ ಭಾರ ತಡೆಯಬೇಕು ಅಲ್ವಾ? ದಪ್ಪದ ಹೊಸ ಆಕ್ಸಲ್, ಓವರ್‌ರನ್ ಬ್ರೇಕ್ (ಟ್ರೈಲರು ಮುಂದಿನ ಗಾಡಿಯನ್ನು ತಳ್ಳಿದಾಗ ತಾನೇ ಹಿಡಿಯುವ ಬ್ರೇಕ್), ಮಜೂರಿ ಸೇರಿ 45 ಸಾವಿರ ಆಯಿತೇನೋ.

ನನ್ನ ಟ್ರೈಲರು ತುಂಬಿದಾಗ 700 ಕೆಜಿ ಆಸುಪಾಸು. ಅದರಲ್ಲಿ ಶೇಕಡ 10ರಿಂದ 15 ಗಾಡಿಗೆ ಸಿಕ್ಕಿಸುವ ಕೊಕ್ಕೆ ಮೇಲೆ ಕೂರಬೇಕು. ಅಡಿಕೆ ತೂಗುವ ತಕ್ಕಡಿ ಮೇಲೆ ಮೂತಿ ಇಟ್ಟು ನೋಡಿದರೆ ಬರೀ 40 ಕೆಜಿ! ನೀರಿನ ಟ್ಯಾಂಕ್ ಹಿಂದುಗಡೆ ಇತ್ತಲ್ಲ. ಒಂದು ಆಕ್ಸಲ್‌ಗೆ ಬಂದ ಮೇಲೆ 50ರ ಸ್ಪೀಡ್ ದಾಟಿದರೆ ಬಾಲ ಬೀಸುತ್ತಿದ್ದದ್ದು ಅದಕ್ಕೇ. ಟ್ಯಾಂಕ್ ಮುಂದಕ್ಕೆ ತಂದೆ, ಆಕ್ಸಲ್ಲನ್ನೂ ಸರಿಸಿದೆ, ಮೂತಿಯ ಭಾರ 80 ಕೆಜಿ ಹತ್ತಿರ ಬಂತು, ಬೀಸಾಟ ನಿಂತಿತು. ಎಷ್ಟು ಇಂಚು ಸರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಹುಚ್ಚಾಟ. ಮಳೆ ಶಬ್ದ ತಡೆಯೋಕೆ ಚಾವಣಿ ಶೀಟಿನ ಕೆಳಗೆ ಅಡಿಕೆ ಹಾಳೆ ಹಾಸಿದೆ. ಶಬ್ದ ನಿಜಕ್ಕೂ ಕಮ್ಮಿ ಆಯ್ತು. ಶ್ರಾವಣದ ಹೊತ್ತಿಗೆ ಬೂಷ್ಟು ಹಿಡಿದು ಒಳಗೆ ಕೂರಲಾಗದ ವಾಸನೆ. ಈಗ ಸುಮ್ನೆ ಥರ್ಮಾಕೋಲ್.

ಒಂದೂವರೆ ಟನ್ ಎಳೆದುಕೊಂಡು ಹೆದ್ದಾರಿಯಲ್ಲೇ ಜಾಸ್ತಿ ಓಡಾಡುವವರು ಎರಡು ಆಕ್ಸಲ್ಲೇ ಹಾಕಿಸಿ. ಒಂದು ಟೈರ್ ಸಿಡಿದರೂ ಗಾಡಿ ಪಕ್ಕಕ್ಕೆ ತರಬಹುದು. ನಮಗೆ ಆ ಭಾಗ್ಯ ಇಲ್ಲ. ಹೊರಡುವ ಮುಂಚೆ ಟೈರಿನ ಗಾಳಿ ನೋಡಿ, ಸ್ಟೆಪ್ನಿ ಜೊತೆಗೆ ಒಂದು ಬೇರಿಂಗ್ ಸೆಟ್ಟೂ ಇಟ್ಟುಕೊಳ್ಳಿ.