ಅಪ್ಪನ ಜಾವಾ, ಹಳೆಯ ನಂಬರ್ ಪ್ಲೇಟು ಮತ್ತು ದಿನನಿತ್ಯದ ಓಡಾಟ: ನನ್ನ ಅನುಭವ

ನಮ್ಮ ತಂದೆಯವರು ಮಂಗಳೂರಿನ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. 1970ರಲ್ಲಿ ಅವರು ಕೊಂಡ ಜಾವಾ 250 ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಅದು ನೋಂದಣಿಯಾದಾಗ ನಮ್ಮ ರಾಜ್ಯದ ಹೆಸರೂ ಮೈಸೂರು ಎಂದೇ ಇತ್ತು. ಹಾಗಾಗಿ ಅದರ ಸಂಖ್ಯೆ ಈಗಿನ ಕೆಎ 19ರ ಮಾದರಿಯದ್ದಲ್ಲ, ಎಂವೈ ಎಂದು ಆರಂಭವಾಗುವ ಮೂರು ಅಕ್ಷರಗಳ ಮುಂದೆ ನಾಲ್ಕು ಅಂಕಿಗಳಿರುವ ಹಳೆಯ ಕ್ರಮದ್ದು. ತಂದೆಯವರ ಕಾಲಾನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಟ್ಟಿಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿದ್ದ ಆ ಗಾಡಿಯನ್ನು 2021ರ ಮಳೆಗಾಲದಲ್ಲಿ ಹೊರತೆಗೆದು ರಿಪೇರಿ ಮಾಡಿಸಿದೆ. ಎಂಜಿನ್ನಿನ ಕತೆ ಬೇರೆಯೇ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎಂಜಿನ್ನಿಗಿಂತ ಹೆಚ್ಚು ತಲೆ ತಿಂದದ್ದು ಅದರ ನಂಬರ್ ಪ್ಲೇಟು.

ನನ್ನ ಆಸೆ ಸರಳವಾಗಿತ್ತು. ಜೆಪ್ಪುವಿನಿಂದ ಮಾರ್ಗನ್ಸ್ ಗೇಟ್ ದಾಟಿ ಹಂಪನಕಟ್ಟೆಯ ಮೂಲಕ ಲಾಲ್‌ಬಾಗ್‌ವರೆಗೆ ದಿನವೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಈ ಗಾಡಿಯನ್ನೇ ಓಡಿಸಬೇಕು, ಅದರ ಮೇಲೆ ತಂದೆಯವರ ಕಾಲದ ಫಲಕವೇ ಇರಬೇಕು. ಈ ಎರಡು ಆಸೆಗಳು ಒಂದಕ್ಕೊಂದು ಕೂಡಿ ಬರುವುದಿಲ್ಲವೆಂಬುದು ಗೊತ್ತಾಗಲು ಕೆಲವು ತಿಂಗಳುಗಳೇ ಬೇಕಾದವು.

ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದು ಹೊಸ ನಿಯಮಗಳನ್ನು ಹೊರಡಿಸಿತ್ತು. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಅದರ ವ್ಯಾಪ್ತಿಗೆ ಬರುತ್ತವೆ. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಸಂಕೇತದ ಬಳಿಕ ವಿಎ ಎಂಬ ಅಕ್ಷರಗಳಿರುವ ವಿಶೇಷ ಸಂಖ್ಯೆ ಸಿಗುತ್ತದೆ, ಮೊದಲೇ ನೋಂದಣಿಯಾದ ಗಾಡಿಗಳು ತಮ್ಮ ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಪ್ರಮಾಣಪತ್ರದ ಅವಧಿ ಹತ್ತು ವರ್ಷ. ಗೆಳೆಯರೆಲ್ಲ ‘ನಿಮ್ಮ ಗಾಡಿಗೆ ಹೇಳಿ ಮಾಡಿಸಿದ ಹಾಗಿದೆ’ ಎಂದರು, ನನಗೂ ಹಾಗೆಯೇ ಅನಿಸಿತು. ಅರ್ಜಿ ತುಂಬಲು ಕುಳಿತು ನಿಯಮವನ್ನು ಪೂರ್ತಿ ಓದಿದಾಗಲೇ ನಿಜ ಗೊತ್ತಾದದ್ದು. ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಅಧ್ಯಯನಕ್ಕೆ, ಪೆಟ್ರೋಲು ಹಾಕಿಸಲು, ರಿಪೇರಿಗೆ, ಮತ್ತು ಈ ಕೆಲಸಗಳಿಗಾಗಿ ಹೋಗಿಬರಲು ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೆ ಅದು ಸಲ್ಲದು. ಲಾಲ್‌ಬಾಗಿನ ನನ್ನ ಕೆಲಸಕ್ಕೆ ಪ್ರದರ್ಶನವೆಂದು ಹೆಸರಿಡುವ ಧೈರ್ಯ ನನಗಿರಲಿಲ್ಲ.

ಇಷ್ಟಾದರೂ ‘ಯಾರು ಕೇಳುತ್ತಾರೆ’ ಎಂದವರಿದ್ದರು. ಕೇಳುವ ಸಂದರ್ಭ ಬರುವುದು ಅಪಘಾತವಾದಾಗ, ವಿಮೆಯವರು ಗಾಡಿ ಯಾವ ಉದ್ದೇಶಕ್ಕೆ ಓಡುತ್ತಿತ್ತೆಂದು ಕೇಳಿದಾಗ. ಆಗ ಕೈಯಲ್ಲಿರುವ ವಿಂಟೇಜ್ ಪ್ರಮಾಣಪತ್ರವೇ ನನಗೆ ವಿರುದ್ಧವಾದ ಸಾಕ್ಷಿಯಾಗುತ್ತದೆ. ಆದ್ದರಿಂದ ಆ ದಾರಿಯನ್ನು ಬಿಟ್ಟು ಸಾಮಾನ್ಯ ಖಾಸಗಿ ವಾಹನವಾಗಿಯೇ ಹಳೆಯ ನೋಂದಣಿಯನ್ನು ನವೀಕರಿಸುವುದೆಂದು ನಿಶ್ಚಯಿಸಿದೆ. ವಾರಕ್ಕೆ ನಾಲ್ಕು ದಿನ ಓಡಿಸುವವರು ವಿಂಟೇಜ್ ನೋಂದಣಿಯ ಆಸೆ ಬಿಡುವುದೇ ಒಳ್ಳೆಯದು. ವರ್ಷಕ್ಕೆರಡು ರ‍್ಯಾಲಿಗೆ ಮಾತ್ರ ಹೊರತೆಗೆಯುವವರ ಮಾತು ಬೇರೆ.

ನವೀಕರಣದ ಕಾಗದಪತ್ರಗಳ ಕುರಿತು ಹೆಚ್ಚು ಬರೆಯುವುದಿಲ್ಲ. ಮಾಲೀಕರು ತೀರಿಕೊಂಡಿದ್ದರಿಂದ ಫಾರ್ಮ್ 31ರ ಮೂಲಕ ವರ್ಗಾವಣೆ, ಹದಿನೈದು ವರ್ಷ ಮೀರಿದ್ದರಿಂದ ಫಾರ್ಮ್ 25ರ ಮೂಲಕ ಐದು ವರ್ಷದ ನವೀಕರಣ, ಇನ್‌ಸ್ಪೆಕ್ಟರರ ಮುಂದೆ ಗಾಡಿಯ ತಪಾಸಣೆ, ಚಾಸಿಯ, ಅಂದರೆ ಗಾಡಿಯ ಚೌಕಟ್ಟಿನ, ಸಂಖ್ಯೆಯ ಪೆನ್ಸಿಲ್ ಅಚ್ಚು, ಇವೆಲ್ಲ ಎಲ್ಲರಿಗೂ ಇದ್ದದ್ದೇ. ನಾನು ಮಾಡಿಸಿದಾಗ ಬೈಕಿನ ನವೀಕರಣ ಶುಲ್ಕ 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 1,000 ಆಯಿತು, 2025ರ ಆಗಸ್ಟ್‌ನ ತಿದ್ದುಪಡಿಯಂತೆ ಇಪ್ಪತ್ತು ವರ್ಷ ಮೀರಿದ ಬೈಕಿಗೆ 2,000. ಹೊಗೆ ತಪಾಸಣೆಯ ಭಯವಿತ್ತಾದರೂ 2000ದ ಮಾರ್ಚ್‌ಗೆ ಮುಂಚಿನ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5ರವರೆಗೆ ಇರಬಹುದಾದ್ದರಿಂದ ಎರಡು ಸ್ಟ್ರೋಕಿನ ಈ ಗಾಡಿ ಆ ಪರೀಕ್ಷೆಯಲ್ಲೂ ಪಾಸಾಯಿತು.

ಪೇಚಿಗೆ ಸಿಕ್ಕಿದ್ದು ಗಣಕದ ದಾಖಲೆಯಲ್ಲಿ. ಕಾಗದದ ಆರ್‌ಸಿ ಪುಸ್ತಕದಿಂದ ವಿವರಗಳನ್ನು ಗಣಕಕ್ಕೆ ಏರಿಸಿದವರು ಯಾರೋ ಚಾಸಿ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರು. ನವೀಕರಣದ ವೇಳೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2023ರ ಆಗಸ್ಟ್‌ನಲ್ಲಿ, 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಎಲ್ಲ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಕಡ್ಡಾಯವೆಂದು ಕರ್ನಾಟಕ ಸರ್ಕಾರ ಆದೇಶಿಸಿದಾಗ ಆ ತಪ್ಪು ಎದುರು ಬಂದು ನಿಂತಿತು. ಫಲಕ ಕಾದಿರಿಸಲು ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಕೊನೆಯ ಅಂಕಿಗಳು ದಾಖಲೆಗೆ ತಾಳೆಯಾಗಬೇಕು, ನನ್ನದು ತಾಳೆಯಾಗಲಿಲ್ಲ. ತಿದ್ದುಪಡಿಗೆ ಮೂರು ಬಾರಿ ಅಲೆದೆ. ಪುಣ್ಯಕ್ಕೆ ಕೊನೆಯ ದಿನಾಂಕವೂ ಮತ್ತೆ ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಈ ನಡುವೆ ಒಬ್ಬ ಏಜೆಂಟರು, ಹಳೆಯ ಸಂಖ್ಯೆಯನ್ನು ಬಿಟ್ಟುಕೊಟ್ಟು ಹೊಸ ಕೆಎ ಸಂಖ್ಯೆ ಪಡೆದರೆ ಸುಲಭವೆಂದು ಸಲಹೆ ನೀಡಿದರು. ಆ ದಿನ ನನಗೊಂದು ವಿಷಯ ಸ್ಪಷ್ಟವಾಯಿತು: ನಾನು ಉಳಿಸಿಕೊಳ್ಳಬೇಕಾದದ್ದು ತಗಡನ್ನಲ್ಲ, ಸಂಖ್ಯೆಯನ್ನು. ತಗಡು ಬದಲಾಗಲಿ, ಸಂಖ್ಯೆ ಬದಲಾಗುವುದು ಬೇಡವೆಂದೆ.

ಎಚ್‌ಎಸ್‌ಆರ್‌ಪಿ ಎನ್ನುವುದು ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಫಲಕ. ಎಡ ಮೇಲ್ಮೂಲೆಯಲ್ಲಿ ಅಶೋಕಚಕ್ರದ ಕ್ರೋಮಿಯಂ ಹಾಲೋಗ್ರಾಂ, ಕೆಳಗೆ ಲೇಸರ್‌ನಿಂದ ಕೊರೆದ ಹತ್ತು ಅಂಕಿಯ ಗುರುತು, ನೀಲಿಯಲ್ಲಿ ಐಎನ್‌ಡಿ ಎಂಬ ಅಕ್ಷರಗಳು. ಫಲಕವನ್ನು ಗಾಡಿಗೆ ಬಿಗಿಯುವ ಸ್ನ್ಯಾಪ್ ಲಾಕನ್ನು ಒಮ್ಮೆ ಕೂರಿಸಿದರೆ ಒಡೆಯದೆ ತೆಗೆಯಲಾಗದು. ದ್ವಿಚಕ್ರ ವಾಹನದ ಹಿಂದಿನ ಫಲಕ 200ಕ್ಕೆ 100 ಮಿಲಿಮೀಟರ್, ಮುಂದಿನದು 285ಕ್ಕೆ 45ರ ಉದ್ದನೆಯ ಪಟ್ಟಿ. ಜಾವಾವನ್ನು ಬಲ್ಲವರಿಗೆ ಇಲ್ಲಿನ ತೊಡಕು ಕೂಡಲೇ ತಿಳಿಯುತ್ತದೆ. ಆ ಕಾಲದ ಬೈಕುಗಳಲ್ಲಿ ಮುಂದಿನ ಫಲಕ ಮಡ್‌ಗಾರ್ಡಿನ ಬೆನ್ನ ಮೇಲೆ ಗಾಡಿಯ ಉದ್ದಕ್ಕೆ, ಕೋಳಿಯ ಜುಟ್ಟಿನಂತೆ ನಿಂತಿರುತ್ತಿತ್ತು. ಎಡದಿಂದಲೂ ಬಲದಿಂದಲೂ ಓದಬಹುದಿತ್ತು, ಎದುರಿನಿಂದ ಕಾಣುತ್ತಿದ್ದದ್ದು ತಗಡಿನ ಅಂಚು ಮಾತ್ರ. ಈಗಿನ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಅದು ಹ್ಯಾಂಡಲಿಗೆ ಸಮಾನಾಂತರವಾಗಿ ಮುಂದಕ್ಕೆ ಮುಖ ಮಾಡಿರಬೇಕು, ಗಾಡಿಯ ಉದ್ದಕ್ಕಿರುವಂತಿಲ್ಲ. ಅಂದರೆ ಬಣ್ಣ, ಅಕ್ಷರಗಳ ಪ್ರಶ್ನೆಗಿಂತ ಮೊದಲೇ, ಹಳೆಯ ಫಲಕ ನಿಂತ ಭಂಗಿಯೇ ಇಂದಿನ ರಸ್ತೆಗೆ ಒಗ್ಗುವುದಿಲ್ಲ.

ಫಲಕ ಕೂರಿಸುವವನು ಬಂದವನೇ ಡ್ರಿಲ್ ಹಿಡಿದು ಮಡ್‌ಗಾರ್ಡಿನ ಕಡೆ ನೋಡಿದಾಗ ನಾನು ಅಡ್ಡ ನಿಂತೆ. ಐವತ್ತು ವರ್ಷದ ತಗಡಿಗೆ ಮಂಗಳೂರಿನಲ್ಲಿ ಹೊಸ ತೂತು ಕೊರೆಯುವುದೆಂದರೆ ತುಕ್ಕಿಗೆ ಬಾಗಿಲು ತೆರೆದಂತೆ. ಕಡಲಿನ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಇವೆರಡೂ ಕೂಡಿದರೆ ಬಣ್ಣವಿಲ್ಲದ ತೂತಿನ ಅಂಚು ಒಂದೇ ವರ್ಷದಲ್ಲಿ ಹುಡಿಯಾಗುತ್ತದೆ. ಹಳೆಯ ಜುಟ್ಟಿನ ಫಲಕವನ್ನು ಹಿಡಿದಿದ್ದ ಎರಡು ಬೋಲ್ಟುಗಳ ತೂತುಗಳು ಮೊದಲೇ ಇದ್ದವಲ್ಲ, ಅವನ್ನೇ ಬಳಸಿ ಒಂದು ಬ್ರಾಕೆಟ್ ಮಾಡಿಸಿ ಆ ಬ್ರಾಕೆಟ್ಟಿಗೆ ಫಲಕವನ್ನು ಲಾಕ್ ಮಾಡಿಸುವುದೆಂದು ಯೋಚಿಸಿ, ಬಂದರಿನ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಅದನ್ನು ಸಿದ್ಧಪಡಿಸಿಟ್ಟಿದ್ದೆ. ಆ ಹುಡುಗ ಸ್ವಲ್ಪ ಗೊಣಗಿದನಾದರೂ ಒಪ್ಪಿದ.

ಆ ಮೊದಲ ಬ್ರಾಕೆಟ್ಟಿನಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಅದು ಸಾಧಾರಣ ಕಬ್ಬಿಣದ್ದಾಗಿದ್ದರಿಂದ ಒಂದೇ ಮಳೆಗಾಲದಲ್ಲಿ ತುಕ್ಕು ಹರಿದು ಬಿಳಿ ಫಲಕದ ಮೇಲೆ ಕಂದು ಗೆರೆಗಳು ಇಳಿದವು. ಜೊತೆಗೆ ಅದು ಫಲಕದ ನಡುಭಾಗವನ್ನು ಮಾತ್ರ ಹಿಡಿದಿತ್ತು. ಎರಡು ಸ್ಟ್ರೋಕಿನ ಒಂಟಿ ಸಿಲಿಂಡರಿನ ಕಂಪನಕ್ಕೆ 285 ಮಿಲಿಮೀಟರಿನ ತೆಳು ಪಟ್ಟಿಯ ಎರಡೂ ತುದಿಗಳು ರೆಕ್ಕೆಯಂತೆ ಅದುರತೊಡಗಿದವು. ಹೀಗೇ ಬಿಟ್ಟರೆ ಲಾಕಿನ ತೂತಿನ ಸುತ್ತ ಅಲ್ಯೂಮಿನಿಯಂ ಬಿರಿಯುವುದು ಖಚಿತ. ಬಿರಿದರೆ ಹೊಸ ಫಲಕಕ್ಕೆ ಮತ್ತೆ ಅರ್ಜಿ. ಎರಡನೆಯ ಸಲ, ಉಪ್ಪಿಗೆ ಹೆಚ್ಚು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಫಲಕದಷ್ಟೇ ಉದ್ದದ ಬೆನ್ನುಪಟ್ಟಿಯಿರುವ ಬ್ರಾಕೆಟ್ ಮಾಡಿಸಿದೆ. ಸ್ಟೇನ್‌ಲೆಸ್ ಎಂದರೆ ಚಿಂತೆಯಿಲ್ಲವೆಂದು ಭಾವಿಸಬಾರದು. ಉಪ್ಪುನೀರಿನ ತೇವದಲ್ಲಿ ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗಿಕೊಂಡಿದ್ದರೆ ಬ್ಯಾಟರಿಯೊಳಗೆ ನಡೆಯುವಂಥದ್ದೇ ಕ್ರಿಯೆ ಇಲ್ಲಿಯೂ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಅದಕ್ಕಾಗಿ ನಡುವೆ ತೆಳುವಾದ ರಬ್ಬರ್ ಹಾಳೆ, ಬೋಲ್ಟಿಗೆ ನೈಲಾನ್ ವಾಷರ್ ಹಾಕಿಸಿದೆ. ಬ್ರಾಕೆಟ್ ಬದಲಿಸಲು ಹಳೆಯ ಲಾಕುಗಳನ್ನು ಒಡೆಯಬೇಕಾಗುತ್ತದೆಂದು, ಆ ಕೆಲಸವನ್ನು ನನ್ನ ಕೈಯಿಂದ ಮಾಡದೆ, ಕೂರಿಸಿದವರಲ್ಲಿಗೇ ಗಾಡಿಯನ್ನು ಒಯ್ದು ಹೊಸ ಲಾಕು ಹಾಕಿಸಿದೆ.

ಹಿಂಬದಿಯದು ಅಷ್ಟು ಕಷ್ಟವಾಗಲಿಲ್ಲ. ಆದರೆ ಅಲ್ಲಿ ದೀಪದ ಪ್ರಶ್ನೆಯಿತ್ತು. ಹಿಂದಿನ ಸಂಖ್ಯೆ ರಾತ್ರಿ 15 ಮೀಟರ್ ದೂರದಿಂದ ಓದಲು ಬರುವಂತೆ ಬಿಳಿ ಬೆಳಕು ಬೀಳಬೇಕೆಂಬುದು ನಿಯಮ. ಜಾವಾದ ಆರು ವೋಲ್ಟಿನ ಬಲ್ಬು ಮಳೆಗಾಲದ ಮಿಣುಕುಹುಳದಷ್ಟೇ ಬೆಳಕು ಕೊಡುವುದರಿಂದ, ಹಿಂದೀಪದ ತಳದಲ್ಲಿರುವ ಪಾರದರ್ಶಕ ಕಿಂಡಿಗೆ ಆದಷ್ಟು ಹತ್ತಿರವಾಗಿ ಫಲಕ ಕೂರಬೇಕಿತ್ತು. ಹೊಸ ಫಲಕದ ಹಾಳೆ ಬೆಳಕನ್ನು ಹಿಂದಿರುಗಿಸುವ ಗುಣದ್ದಾದ್ದರಿಂದ ಹಿಂದಿನ ವಾಹನಗಳ ದೀಪಕ್ಕೆ ಚೆನ್ನಾಗಿ ಹೊಳೆಯುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ಫಲಕಕ್ಕಿಂತ ಹೊಸದು ಮೇಲೆಂದು ಒಪ್ಪಲೇಬೇಕು.

ಈಗ ಮಡ್‌ಗಾರ್ಡಿನ ಮೇಲಿದ್ದ ಹಳೆಯ ಫಲಕದ ಮಾತು. ಬಿಚ್ಚಿ ಕೈಗೆತ್ತಿಕೊಂಡಾಗ ಅದರಲ್ಲಿ ಬಿಳಿ ಬಣ್ಣದ ಮೇಲೆ ಕಪ್ಪು ಅಕ್ಷರಗಳಿದ್ದವು. ನಾನು ಬಾಲ್ಯದಲ್ಲಿ ನೋಡಿದ್ದು ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. 2000ದ ದಶಕದ ಆರಂಭದಲ್ಲಿ ಖಾಸಗಿ ವಾಹನಗಳಿಗೆ ಕಪ್ಪು ಹಿನ್ನೆಲೆ ಹೋಗಿ ಬಿಳಿ ಹಿನ್ನೆಲೆ ಬಂದಾಗ ತಂದೆಯವರು ಅದೇ ತಗಡಿಗೆ ಮೇಲಿಂದ ಬಣ್ಣ ಬಳಿಸಿದ್ದರು, ಹೊಸ ತಗಡಿಗೆ ದುಡ್ಡು ಖರ್ಚು ಮಾಡುವ ಜಾಯಮಾನ ಅವರದಲ್ಲ. ಹಾಗಾದರೆ ಕೆಳಗೆ ಹಳೆಯ ಬರಹ ಇನ್ನೂ ಇರಬೇಕು. ಬಣ್ಣ ಕೀಳುವ ರಾಸಾಯನಿಕ ಹಾಕಿದರೆ ಎಲ್ಲ ಪದರಗಳೂ ಒಟ್ಟಿಗೆ ಎದ್ದುಹೋಗುತ್ತವೆ, ಗ್ರೈಂಡರಂತೂ ಸಲ್ಲದು. 800ರ ನೀರುಕಾಗದದಿಂದ, ಅಂದರೆ ಒದ್ದೆ ಮಾಡಿ ಉಜ್ಜುವ ನಯವಾದ ಮರಳುಕಾಗದದಿಂದ, ಸಾಬೂನುನೀರು ಹಚ್ಚಿ ಬೆರಳಗಲದಷ್ಟು ಜಾಗವನ್ನು ಮೊದಲು ಉಜ್ಜಿ, ಕಪ್ಪು ಕಾಣತೊಡಗಿದ ಕೂಡಲೇ ಇನ್ನೂ ನಯವಾದ 1200ರ ಕಾಗದಕ್ಕೆ ಬದಲಾಯಿಸಿ, ಉಳಿದ ಬಿಳಿಯನ್ನು ಥಿನ್ನರಿನಲ್ಲಿ ತುಸುವೇ ಒದ್ದೆ ಮಾಡಿದ ಬಟ್ಟೆಯಿಂದ ಒತ್ತಿ ತೆಗೆದೆ. ಒಂದು ಮುಖಕ್ಕೆ ಆರು ಸಂಜೆಗಳು ಹಿಡಿದವು.

ಎಡ ಮುಖದಲ್ಲಿ ನಿರೀಕ್ಷಿಸಿದ ಹಾಗೆ ಇಂಗ್ಲಿಷ್ ಅಕ್ಷರಗಳು ಬಂದವು. ಬಲ ಮುಖದಲ್ಲಿ ಕನ್ನಡ ಅಂಕಿಗಳು! ನೋಂದಣಿ ಸಂಖ್ಯೆ ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿಗಳಲ್ಲಿರಬೇಕೆಂಬುದು ನಿಯಮ. ಎಂಬತ್ತರ ದಶಕದ ಭಾಷಾ ಹುರುಪಿನ ದಿನಗಳಲ್ಲಿ ತಂದೆಯವರು ಬೋರ್ಡು ಬರೆಯುವವರಿಂದ ಒಂದು ಮಗ್ಗುಲನ್ನಾದರೂ ಕನ್ನಡದಲ್ಲಿ ಬರೆಸಿರಬೇಕು. ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದಿದ್ದ ಅವರಿಗೆ ಈ ಹುರುಪು ಎಲ್ಲಿಂದ ಬಂತೆಂದು ಅಮ್ಮನಿಗೂ ಗೊತ್ತಿಲ್ಲ. ಕುಂಚದಲ್ಲಿ ಎಳೆದ ಏಳರ ಬಾಲ ಸ್ವಲ್ಪ ಹೆಚ್ಚೇ ಉದ್ದವಾಗಿ, ಪಕ್ಕದ ಬೋಲ್ಟಿನ ತೂತನ್ನು ಸುತ್ತಿ ಹೋಗಿದೆ. ಅದನ್ನು ಕಂಡ ಮೇಲೆ ಫಲಕಕ್ಕೆ ಹೊಸದಾಗಿ ಬಣ್ಣ ಹಚ್ಚುವ ಯೋಚನೆ ಬಿಟ್ಟೆ. ತುಕ್ಕು ತಿಂದ ಕೆಳಅಂಚನ್ನು ಹಾಗೇ ಉಳಿಸಿ, ಬರಹವಿಲ್ಲದ ಕಡೆ ಮಾತ್ರ ಫಾಸ್ಫಾರಿಕ್ ಆಮ್ಲದ ತುಕ್ಕುನಿರೋಧಕ ಹಚ್ಚಿ, ಬರಹದ ಮೇಲೆ ಮೇಣ ತಿಕ್ಕಿಟ್ಟಿದ್ದೇನೆ.

ರಸ್ತೆಯಲ್ಲಿ ಅದನ್ನು ಎಂದೂ ಹಾಕುವುದಿಲ್ಲ. ಹಳೆಯ ಗಾಡಿಗಳ ಪ್ರದರ್ಶನಕ್ಕೆ ಹೋದಾಗ, ಮೈದಾನದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಮೇಲೆ, ಮಡ್‌ಗಾರ್ಡಿನ ಮೇಲೆ ಚರ್ಮದ ಪಟ್ಟಿಯಿಂದ ಕಟ್ಟಿ ನಿಲ್ಲಿಸುತ್ತೇನೆ, ಹೊರಡುವ ಮೊದಲು ಬಿಚ್ಚಿ ಚೀಲಕ್ಕೆ ಹಾಕುತ್ತೇನೆ. ಅಯಸ್ಕಾಂತದಿಂದ ಹೊಸ ಫಲಕಕ್ಕೇ ಅಂಟಿಸಬಹುದೆಂದು ಒಬ್ಬರು ಹೇಳಿದ್ದರು; ಅಲ್ಯೂಮಿನಿಯಮ್ಮಿಗೆ ಅಯಸ್ಕಾಂತ ಹಿಡಿಯುವುದಿಲ್ಲವೆಂಬುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಸಂಖ್ಯೆ ಉಳಿಸಿಕೊಂಡದ್ದರ ಸಣ್ಣಪುಟ್ಟ ಕಿರಿಕಿರಿಗಳು ಈಗಲೂ ಇವೆ. ಎರಡಕ್ಷರ, ಎರಡಂಕಿ ಎಂಬ ಈಗಿನ ಕ್ರಮವನ್ನೇ ನಿರೀಕ್ಷಿಸುವ ಆನ್‌ಲೈನ್ ನಮೂನೆಗಳು ನನ್ನ ಮೂರಕ್ಷರವನ್ನು ತಪ್ಪೆಂದು ಕೆಂಪಾಗಿ ತೋರಿಸುತ್ತವೆ, ಆದ್ದರಿಂದ ವಿಮೆಗೆ ಪ್ರತಿ ವರ್ಷ ಶಾಖೆಗೇ ಹೋಗುತ್ತೇನೆ. ಒಮ್ಮೆ ಕಂಕನಾಡಿಯಲ್ಲಿ ತಡೆದ ಯುವ ಪೊಲೀಸರೊಬ್ಬರು ಇದು ಯಾವ ರಾಜ್ಯದ ಗಾಡಿಯೆಂದು ಕೇಳಿದರು. ಮೈಸೂರು ರಾಜ್ಯದ್ದೆಂದೆ. ಅವರು ನಗದೆ ಆರ್‌ಸಿ ಕಾರ್ಡು ನೋಡಿ, ಫಲಕದ ಹಾಲೋಗ್ರಾಮನ್ನು ಬೆರಳಿನಿಂದ ಮುಟ್ಟಿ ನೋಡಿ, ಹೋಗಲು ಬಿಟ್ಟರು.

ಮುಂದಿನ ನವೀಕರಣ 2027ರಲ್ಲಿ. ಅಲ್ಲಿಯವರೆಗೆ ಪ್ರತಿ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಬ್ರಾಕೆಟ್ಟಿನ ನೈಲಾನ್ ವಾಷರುಗಳನ್ನು ಬದಲಿಸುವುದು ಮತ್ತು ಫಲಕದ ಹಿಂಬದಿಯ ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯುವುದು, ಇಷ್ಟೇ ಕೆಲಸ.