ಠ ದುಂಡಗಾಗುವವರೆಗೆ

ನಮ್ಮ ಸೋದರಮಾವ ಬಡಗಿ. ತುಮಕೂರಿನಲ್ಲಿ ಅವರ ಶೆಡ್ಡಿನ ಮೂಲೆಯಲ್ಲಿ ನನ್ನದೊಂದು ಮೇಜು. ಗೃಹಪ್ರವೇಶಕ್ಕೆ ಜನ ಮಾಡಿಸುವ ಹೆಸರಿನ ಹಲಗೆಗಳನ್ನು ಅವರು ಉಳಿಯಲ್ಲೇ ಕೆತ್ತುತ್ತಿದ್ದರು. ಕಣ್ಣಿಗೆ ಪೊರೆ ಬಂದಮೇಲೆ ಒತ್ತಕ್ಷರ ಕೆತ್ತುವುದು ಕಷ್ಟವಾಯಿತು. ಕಿರಣದಿಂದ ಮರದ ಮೇಲೆ ಅಕ್ಷರ ಸುಡುವ ಲೇಸರ್ ಯಂತ್ರದ ಮಾತು ಮೊದಲು ಬಂದದ್ದು ಆಗ. ಸಿದ್ಧ ಯಂತ್ರಕ್ಕೆ ಸುಮಾರು 25,000 ರೂಪಾಯಿ ಹೇಳಿದರು. ನಾನೇ ಜೋಡಿಸಿದರೆ ಹನ್ನೆರಡು ಸಾವಿರದಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಬೆಳಗಿನ ರೈಲು ಹತ್ತಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ.

ತಂದದ್ದು ಇಷ್ಟು: ಆರ್ಡುಯಿನೋ ಊನೋ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡು), ಅದರ ಮೇಲೆ ಕೂತು ಮೋಟಾರಿನ ತಂತಿಗಳನ್ನು ಹಿಡಿಯುವ ಸಿಎನ್‌ಸಿ ಶೀಲ್ಡ್, ಮೋಟಾರಿಗೆ ಕರೆಂಟು ಕೊಟ್ಟು ನಡೆಸುವ ಎ4988 ಡ್ರೈವರ್‌ಗಳು, ಹೆಜ್ಜೆಹೆಜ್ಜೆಯಾಗಿ ತಿರುಗುವ ಮೂರು ನೆಮಾ 17 ಸ್ಟೆಪ್ಪರ್ ಮೋಟಾರು, ಹಲ್ಲಿನ ಜಿಟಿ2 ಬೆಲ್ಟು, 20 ಹಲ್ಲಿನ ಪುಲ್ಲಿ, ಚೌಕಟ್ಟಿಗೆ ಅಲ್ಯೂಮಿನಿಯಂ ರೈಲು, 12 ವೋಲ್ಟಿನ ಪವರ್ ಸಪ್ಲೈ. ಲೇಸರ್ ಮಾಡ್ಯೂಲ್ ಮಾತ್ರ ಆನ್‌ಲೈನಿನಲ್ಲಿ ತರಿಸಿದೆ. ಡಬ್ಬಿಯ ಮೇಲೆ 40 ವ್ಯಾಟ್ ಎಂದಿತ್ತು. ಅದು ಮಾಡ್ಯೂಲು ಎಳೆಯುವ ಕರೆಂಟಿನ ಲೆಕ್ಕ. ಬೆಳಕಾಗಿ ಹೊರಬರುವುದು 5.5 ವ್ಯಾಟ್ ಅಷ್ಟೆ. ಕಟ್ಟುವವರಾಗಲಿ ಕೊಳ್ಳುವವರಾಗಲಿ ಕೇಳಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನು. ಮರದ ಮೇಲೆ ಅಕ್ಷರ ಸುಡಲು ಐದು ವ್ಯಾಟ್ ಸಾಕು. ಅರ್ಧ ಇಂಚಿನ ಹಲಗೆ ಕತ್ತರಿಸುತ್ತೇನೆಂದರೆ ಆಗುವುದಿಲ್ಲ. ಪಾರದರ್ಶಕ ಅಕ್ರಿಲಿಕ್ಕಿನಲ್ಲಂತೂ ಈ ನೀಲಿ ಬೆಳಕು ಸುಡದೆ ಹಾಗೇ ದಾಟಿಹೋಗುತ್ತದೆ.

ಚೌಕಟ್ಟು ಕಟ್ಟಲು ಎರಡು ಭಾನುವಾರ ಹಿಡಿಯಿತು. ಅದು ಮೂಲೆಗೆ ಸರಿಯಾಗಿದೆಯೇ ಎಂದು ನೋಡಲು ಮಾವ ಎರಡೂ ಕರ್ಣಕ್ಕೆ ದಾರ ಹಿಡಿದು ಅಳೆದರು, ಮೂರು ಮಿ.ಮೀ. ವ್ಯತ್ಯಾಸ ಸಿಕ್ಕಿತು, ಬಿಚ್ಚಿ ಮತ್ತೆ ಬಿಗಿದೆವು. ಆರ್ಡುಯಿನೋಗೆ ಮೋಟಾರು, ಲೇಸರ್ ನಡೆಸುವ ತಂತ್ರಾಂಶ ಜಿಆರ್‌ಬಿಎಲ್ ತುಂಬಿ 10 ಸೆಂ.ಮೀ. ಗೆರೆ ಎಳೆ ಎಂದರೆ ಅದು 31 ಸೆಂ.ಮೀ. ದಾಟಿ ಹೋಯಿತು. ಕಾರಣ ಲೆಕ್ಕದಲ್ಲೇ ಇತ್ತು. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವರ್ ಒಂದೊಂದನ್ನೂ 16 ಪಾಲು ಮಾಡಿದರೆ 3,200. ಪುಲ್ಲಿಯ 20 ಹಲ್ಲಿಗೆ 2 ಮಿ.ಮೀ.ನಂತೆ ಬೆಲ್ಟು ಒಂದು ಸುತ್ತಿಗೆ 40 ಮಿ.ಮೀ. ಸರಿಯುತ್ತದೆ. ಅಲ್ಲಿಗೆ ಮಿಲಿಮೀಟರಿಗೆ 80 ಹೆಜ್ಜೆ. ತಂತ್ರಾಂಶದಲ್ಲಿ ಮೊದಲೇ ಇದ್ದದ್ದು 250. ಅದನ್ನು ತಿದ್ದಿದ ಕೂಡಲೇ ಗೆರೆ ಅಳತೆಗೆ ಬಂತು.

ಆದರೆ ಲೇಸರ್ ಹೊತ್ತಲಿಲ್ಲ. ಶೀಲ್ಡಿನ ಮೇಲೆ ಸ್ಪಿಂಡಲ್ (ಕೊರೆಯುವ ಮೋಟಾರು) ಎಂದು ಅಚ್ಚಾಗಿದ್ದ ಪಿನ್ನಿಗೆ ತಂತಿ ಕೊಟ್ಟು ಎರಡು ರಾತ್ರಿ ಕಳೆದೆ. ಶೀಲ್ಡಿನ ವಿನ್ಯಾಸ ಹಳೆಯದು, ಜಿಆರ್‌ಬಿಎಲ್ 1.1ರಲ್ಲಿ ಲೇಸರಿನ ಸಂಕೇತ ಬರುವುದು 11ನೇ ಪಿನ್ನಿನಿಂದ, ಶೀಲ್ಡಿನ ಮೇಲೆ ಅದಕ್ಕೆ ಝಡ್ ಪ್ಲಸ್ ಎಂದು ಬರೆದಿರುತ್ತದೆ. ತಂತಿ ಅಲ್ಲಿಗೆ ಬದಲಿಸಿದೆ. ಲೇಸರ್ ಹೊತ್ತಿತು, ಆದರೆ ಹೊತ್ತಬಾರದ ಹೊತ್ತಿನಲ್ಲೂ ಹೊತ್ತಿತು. ಸ್ವಿಚ್ ಹಾಕಿದೊಡನೆ, ಆರ್ಡುಯಿನೋ ಇನ್ನೂ ಎಚ್ಚರವಾಗುವ ಮುಂಚೆ, ಒಂದು ಕ್ಷಣ ನೀಲಿ ಬೆಳಕು ಚಿಮ್ಮಿ ಮೇಜಿನಲ್ಲಿ ಕಪ್ಪು ಚುಕ್ಕೆ ಬಿತ್ತು. ಕನ್ನಡಕ ಹಾಕಿರಲಿಲ್ಲ. ಅರ್ಧ ವ್ಯಾಟ್ ಮೀರಿದ ತೆರೆದ ಲೇಸರ್ ಎಲ್ಲವೂ ನಾಲ್ಕನೇ ದರ್ಜೆಯದು, ಎಂದರೆ ಅತಿ ಅಪಾಯದ್ದು. ಕ್ಲಿಪ್ಪಿನ ಲೋಹಕ್ಕೆ ತಾಗಿ ಚಿಮ್ಮಿದ ಕಿರಣವೂ ಕಣ್ಣು ರೆಪ್ಪೆ ಮುಚ್ಚುವುದರೊಳಗೆ ದೃಷ್ಟಿಪಟಲ ಸುಡಬಲ್ಲದು. ಅವತ್ತು ಮಾವ ಪಕ್ಕದಲ್ಲೇ ನಿಂತಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಸಂಕೇತದ ತಂತಿಗೂ ಗ್ರೌಂಡಿಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿದಮೇಲೆ ಆ ಮಿಂಚು ನಿಂತಿತು. ಲೇಸರಿಗೆ ಬೇರೆ ಬೀಗದ ಸ್ವಿಚ್ಚು, ಆ ನೀಲಿ ಬೆಳಕಿನ ತರಂಗಾಂತರವಾದ 450 ನ್ಯಾನೋಮೀಟರಿಗೆಂದೇ ಮಾಡಿದ ಎರಡು ಕನ್ನಡಕ, ಸುತ್ತಲೂ ಪ್ಲೈವುಡ್ ಪೆಟ್ಟಿಗೆ, ಹೊಗೆ ಹೊರಗೆ ತಳ್ಳಲು ಫ್ಯಾನು, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರು ಬಂದವು. ಹನ್ನೆರಡು ಸಾವಿರದ ಲೆಕ್ಕ ಇಪ್ಪತ್ತೊಂದಕ್ಕೆ ಹೋಗಿ ನಿಂತಿತು.

ಮೊದಲ ಅಕ್ಷರವಾಗಿ ಠ ಸುಟ್ಟೆ. ತಲೆಕಟ್ಟಿನ ಕೆಳಗೆ ಒಂದು ವೃತ್ತ, ನಡುವೆ ಒಂದು ಚುಕ್ಕೆ. ಯಂತ್ರದ ತಪ್ಪು ಇದರಲ್ಲಿ ಅಡಗುವುದಿಲ್ಲ. ಮಾವ ಹಲಗೆ ಎತ್ತಿ ಬೆಳಕಿಗೆ ಹಿಡಿದರು. "ಮೊಟ್ಟೆ ಥರ ಐತಲ್ಲಪ್ಪ, ತುದಿನೂ ಕೂಡಿಲ್ಲ" ಎಂದರು. ತುದಿ ಕೂಡದಿದ್ದರೆ ಎಲ್ಲೋ ಸಡಿಲವಿದೆ ಎಂದರ್ಥ. ಬೆಲ್ಟು ಬಿಗಿಮಾಡಿದೆ, ಸ್ವಲ್ಪ ಸುಧಾರಿಸಿತು. ನಿಜವಾದ ಕಾರಣ ಮೋಟಾರಿನ ಕಡ್ಡಿಯ ಮೇಲೆ ಜಾರುತ್ತಿದ್ದ ಪುಲ್ಲಿ. ಅದರ ಪುಟ್ಟ ಸ್ಕ್ರೂ ಕಡ್ಡಿಯ ಚಪ್ಪಟೆ ಬದಿಗೆ ಕೂತಿರಲಿಲ್ಲ. ಒಂಬತ್ತನೆಯ ಠ ದುಂಡಗೆ ಬಂತು. ಆಮೇಲೆ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಅಕ್ಷರ ಬರೆದು, ಅದನ್ನು ಗೆರೆಗಳಾಗಿ ಬದಲಿಸಿ, ಯಂತ್ರಕ್ಕೆ ಆಜ್ಞೆ ಕಳಿಸುವ ಲೇಸರ್‌ಜಿಆರ್‌ಬಿಎಲ್‌ಗೆ ಕೊಡುವುದು ರೂಢಿಯಾಯಿತು. ಹಾಗೆ ಮಾಡಿದರೆ ಒತ್ತುಗಳು ಚದುರುವುದಿಲ್ಲ. ಲೇಸರ್ ಮೋಡ್ ಹಾಕಿ, ಲೇಸರ್ ಹೊತ್ತಿಸಲು ಎಂ4 ಆಜ್ಞೆ ಕೊಟ್ಟರೆ ತಿರುವಿನಲ್ಲಿ ವೇಗ ತಗ್ಗಿದಾಗ ಶಕ್ತಿಯೂ ತಗ್ಗುತ್ತದೆ. ಹೊತ್ತಿಸುವ ಇನ್ನೊಂದು ಆಜ್ಞೆ ಎಂ3ರಲ್ಲಿ ಅದಿಲ್ಲ. ನಮ್ಮ ಲಿಪಿಯಲ್ಲಿ ತಿರುವುಗಳೇ ಹೆಚ್ಚು, ಎಂ3ರಲ್ಲಿ ಪ್ರತಿ ಬಳುಕಿನಲ್ಲೂ ಕರಿ ಮಚ್ಚೆ ಬೀಳುತ್ತದೆ.

ಹದಿನಾಲ್ಕು ತಿಂಗಳ ನಂತರ ಸಿದ್ಧ ಯಂತ್ರವನ್ನೂ ಕೊಂಡೆವು. ಆರ್ಡರು ಹೆಚ್ಚಾಗಿತ್ತು, ಮಾವನೂ ಒಬ್ಬರೇ ನಡೆಸುವಂತಿರಬೇಕಿತ್ತು. ಮುಚ್ಚಳ ತೆಗೆದರೆ ಲೇಸರ್ ತಾನಾಗಿ ಆರುವ ಯಂತ್ರವನ್ನೇ ಆಯ್ದುಕೊಂಡೆ. ನನ್ನ ಪ್ಲೈವುಡ್ ಪೆಟ್ಟಿಗೆಗೆ ಆ ಬುದ್ಧಿ ಇಲ್ಲ. ಒಂದೂವರೆ ಗಂಟೆಯಲ್ಲಿ ಅದು ಕೆಲಸಕ್ಕೆ ನಿಂತಿತು. ಹಣ ಉಳಿಸಲೆಂದು ಕಟ್ಟುತ್ತೇನೆ ಅನ್ನುವವರಿಗೆ ನಾನು ನೇರವಾಗಿ ಹೇಳುವುದು: ಉಳಿಯುವುದಿಲ್ಲ, ಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಮುಚ್ಚಿದ ಯಂತ್ರವನ್ನೇ ಕೊಳ್ಳಿ. ಯಾವುದರಲ್ಲೂ ಪಿವಿಸಿ, ರೆಕ್ಸಿನ್ ಸುಡಬೇಡಿ. ಬರುವ ಹೊಗೆ ಶ್ವಾಸಕೋಶಕ್ಕೂ ಯಂತ್ರದ ಲೋಹಕ್ಕೂ ಆಮ್ಲ.

ಮಳೆಗಾಲದಲ್ಲಿ ಆ ಹೊಸ ಯಂತ್ರದಲ್ಲೂ ಅಕ್ಷರದ ತುದಿ ಕೂಡದೆ ಹೋಯಿತು. ಸರ್ವೀಸಿಗೆ ಕಳಿಸಿದರೆ ಮೂರು ವಾರ ಎಂದರು. ಒಂದು ಠ ಸುಟ್ಟು ನೋಡಿದೆ, ಅದೇ ಮೊಟ್ಟೆ. ಯಂತ್ರ ಆರಿಸಿ, ಪ್ಲಗ್ ಕಿತ್ತು, ಪುಲ್ಲಿಯ ಸ್ಕ್ರೂ ಬಿಗಿದೆ; ಹತ್ತು ನಿಮಿಷ ಹಿಡಿಯಿತು.

ಹೊಸದರಲ್ಲಿ 40 ಸೆಂ.ಮೀ. ಮೀರಿದ ಹಲಗೆ ಹಿಡಿಯುವುದಿಲ್ಲ. ಹಾಗಾಗಿ ಉದ್ದದ ಹಲಗೆಗಳೆಲ್ಲ ಈಗಲೂ ಹಳೆಯದಕ್ಕೇ. ಊರಿನ ದೇವಸ್ಥಾನದ ಹಲಗೆ ಮೂರಡಿ ಇದೆ. ಅದಕ್ಕೆಂದು ರೈಲು, ಬೆಲ್ಟು ಎರಡನ್ನೂ ಉದ್ದದ್ದು ತಂದಿಟ್ಟಿದ್ದೇನೆ. ಪೆಟ್ಟಿಗೆಯ ಪ್ಲೈವುಡ್ಡನ್ನು ಮಾವ ಆಗಲೇ ಕೊಯ್ದಿದ್ದಾರೆ.