ಟ್ಯಾಲಿ ಕಲಿತು ಕೆಲಸ ಹಿಡಿದೆ, ಬಿ.ಕಾಂ. ಆಮೇಲೆ ಮಾಡಿದೆ

ಡಿಗ್ರಿ ಇಲ್ಲದೆ ಬರೀ ಸರ್ಟಿಫಿಕೇಟ್ ಮೇಲೆ ಕೆಲಸ ಸಿಗುತ್ತಾ? ನನಗೆ ಸಿಕ್ಕಿತು. ಆದರೆ ಮುಂದೆ ಒಂದು ಕಡೆ ಆ ಸರ್ಟಿಫಿಕೇಟ್ ಸಾಲದೆಯೂ ಹೋಯಿತು.

ಪಿಯುಸಿ ಕಾಮರ್ಸ್ ಮುಗಿದಾಗ ಮನೆಯಲ್ಲಿ ದುಡ್ಡಿನ ತಾಪತ್ರಯ. ಮೂರು ವರ್ಷ ಕಾಲೇಜು ಅಂತ ಕೂರುವ ಹಾಗಿರಲಿಲ್ಲ. ದಾವಣಗೆರೆಯಲ್ಲೇ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮತ್ತು ಜಿಎಸ್‌ಟಿ ಕಲಿತೆ. ನಮ್ಮೂರಲ್ಲಿ ಲೆಕ್ಕ ಬರೆಯುವವರಿಗೆ ಕೆಲಸವೇನೋ ಇದೆ. ಅಕ್ಕಿ ಗಿರಣಿ, ದಲಾಲಿ ಅಂಗಡಿ, ಬಟ್ಟೆ ವ್ಯಾಪಾರ, ಎಲ್ಲ ಕಡೆ ಪುಸ್ತಕ ಬರೆಯಲು ಜನ ಬೇಕು.

ಒಂದು ಟ್ಯಾಕ್ಸ್ ಆಫೀಸಿಗೆ ಇಂಟರ್‌ವ್ಯೂಗೆ ಹೋದೆ. ಸಾರ್ ಸರ್ಟಿಫಿಕೇಟ್ ನೋಡಿ ಪಕ್ಕಕ್ಕಿಟ್ಟರು. ಬಟ್ಟೆ ಅಂಗಡಿಯೊಂದರ ಖರೀದಿ ಬಿಲ್ಲುಗಳ ಕಟ್ಟು ಕೊಟ್ಟು, "ಇದನ್ನ ಎಂಟ್ರಿ ಮಾಡಮ್ಮ" ಅಂದರು. ಅದರಲ್ಲಿ ಒಂದು ಬಿಲ್ಲು ಇಚಲಕರಂಜಿಯದು. ಮಾರಿದವರ ಜಿಎಸ್‌ಟಿ ನಂಬರ್ 27ರಿಂದ ಶುರು, ಅಂದರೆ ಮಹಾರಾಷ್ಟ್ರ. ನಮ್ಮದು 29. ಅಲ್ಲಿಂದ ಇಲ್ಲಿಗೆ ಮಾಲು ಬಂದರೆ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ ಹಾಕಬೇಕು. ಅವರು ಒಂದೇ ರಾಜ್ಯದೊಳಗಿನ ವ್ಯಾಪಾರಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಎರಡೂವರೆ ಎರಡೂವರೆ ಪರ್ಸೆಂಟ್ ಹಾಕಿದ್ದರು.

"ಸಾರ್, ಇದು ಐಜಿಎಸ್‌ಟಿ 5 ಪರ್ಸೆಂಟ್ ಬರಬೇಕಲ್ವಾ? ಬಿಲ್ಲು ವಾಪಸ್ ಕಳಿಸಿ ಸರಿ ಮಾಡಿಸಬೇಕು" ಅಂದೆ.

"ಸೋಮವಾರದಿಂದ ಬಂದುಬಿಡು" ಅಂದರು. ಡಿಗ್ರಿ ಮಾತೇ ಬರಲಿಲ್ಲ.

ಹಾಗಾಗಿ ಕೋರ್ಸಿಗೆ ಸೇರುವವರು ಒಂದು ಕೇಳಿಕೊಳ್ಳಿ: ನಿಜವಾದ ಬಿಲ್ಲುಗಳ ಮೇಲೆ ಅಭ್ಯಾಸ ಮಾಡಿಸುತ್ತಾರಾ? ಸುಮ್ನೆ ಪುಸ್ತಕದ ಲೆಕ್ಕ ಮಾಡಿಸಿ ಕಾಗದ ಕೊಟ್ಟರೆ ಅದು ಸಂದರ್ಶನದಲ್ಲಿ ಕೈ ಹಿಡಿಯುವುದಿಲ್ಲ.

ಆಫೀಸಿನಲ್ಲಿ ಪಾರ್ಟಿಗಳ (ನಮ್ಮಲ್ಲಿ ಲೆಕ್ಕ ಕೊಡುವ ವ್ಯಾಪಾರಿಗಳ) ಜಿಎಸ್‌ಟಿ ರಿಟರ್ನ್ ಎಲ್ಲ ನಾನೇ ತಯಾರು ಮಾಡುತ್ತಿದ್ದೆ. ನನ್ನದೇ ಹೆಸರಿನಲ್ಲಿ ಜಿಎಸ್‌ಟಿ ಪ್ರಾಕ್ಟೀಷನರ್ (ಬೇರೆಯವರ ಪರವಾಗಿ ರಿಟರ್ನ್ ಹಾಕಲು ನೋಂದಣಿ ಆದವರು) ಆಗೋಣ ಅಂತ ನಿಯಮ ನೋಡಿದೆ. ಕಾಮರ್ಸ್, ಕಾನೂನು, ಬ್ಯಾಂಕಿಂಗ್ ಅಥವಾ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಗ್ರಿ ಕೇಳುತ್ತಾರೆ. ಎಷ್ಟು ರಿಟರ್ನ್ ಹಾಕಿದ ಅನುಭವ ಇದ್ದರೂ ಟ್ಯಾಲಿ ಸರ್ಟಿಫಿಕೇಟ್ ಅಲ್ಲಿ ಲೆಕ್ಕಕ್ಕಿಲ್ಲ. ಸರ್ಕಾರಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೂ ಡಿಗ್ರಿ ಬೇಕು. ರಾಜ್ಯ ಸರ್ಕಾರದಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಕೆಲಸಕ್ಕೆ ಪಿಯುಸಿ ಸಾಕು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಕೆಲಸಕ್ಕೆ ಸಾಲದು. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಮಾತ್ರ ಬೇರೆ. ಪಿಯುಸಿ ಆದ ಮೇಲೆ ಫೌಂಡೇಶನ್ ಪರೀಕ್ಷೆಯಿಂದಲೇ ಶುರು ಮಾಡಬಹುದು. ಓದುವ ಛಲ ಇರುವವರು ಅದನ್ನು ಯೋಚಿಸಲೇಬೇಕು.

ನಾನು ಕೆಲಸ ಬಿಡದೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ.ಗೆ ಸೇರಿದೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕುವ ಕೊನೆಯ ದಿನ. ಆ ದಿನಗಳಲ್ಲಿ ಪುಸ್ತಕ ಮುಟ್ಟಲು ಆಗುತ್ತಿರಲಿಲ್ಲ, ಉಳಿದ ದಿನ ರಾತ್ರಿ ಓದು. ಬರೀ ಕಾಗದಕ್ಕಾಗಿ ಓದಿದೆ ಅನ್ನಲಾರೆ. ಪಾಲುದಾರಿಕೆ ಲೆಕ್ಕ ಓದಿದ ಮೇಲೆ, ಮಂಡಿಯಲ್ಲಿ ಒಬ್ಬ ಪಾಲುದಾರ ಬಿಟ್ಟು ಹೋದಾಗ ಸಾರ್ ಯಾಕೆ ಗುಡ್‌ವಿಲ್ (ವ್ಯಾಪಾರದ ಹೆಸರಿಗಿರುವ ಬೆಲೆ) ಲೆಕ್ಕ ಹಾಕುತ್ತಿದ್ದರು ಅಂತ ಗೊತ್ತಾಯಿತು. ಟ್ಯಾಲಿ ಕ್ಲಾಸಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಡಿಗ್ರಿ ಕೈಗೆ ಬಂದ ಮೇಲೆ ಪ್ರಾಕ್ಟೀಷನರ್ ನೋಂದಣಿಗೆ ಅರ್ಜಿ ಹಾಕಿದೆ, ಆಯಿತು.

ದೂರಶಿಕ್ಷಣದ ಡಿಗ್ರಿಗೆ ಬೆಲೆ ಇಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಮಾನ್ಯತೆ ಪಡೆದ ಸಂಸ್ಥೆಯದಾದರೆ ಅದು ರೆಗ್ಯುಲರ್ ಡಿಗ್ರಿಗೆ ಸಮ ಅಂತ 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮತ್ತೆ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆಯನ್ನು ಆಯಾ ವರ್ಷಕ್ಕೆ ನೋಡಿಕೊಳ್ಳಬೇಕು. ನಾನು ಓದಿದ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಫೀಸು ಕಟ್ಟುವ ಮುಂಚೆ ಯುಜಿಸಿ ಪಟ್ಟಿಯಲ್ಲಿ ಸಂಸ್ಥೆಯ ಹೆಸರಷ್ಟೇ ಅಲ್ಲ, ನೀವು ಸೇರುವ ಕೋರ್ಸಿನ ಹೆಸರೂ ಇದೆಯಾ ಅಂತ ನೋಡಿ.